ಪುಸ್ತಕಕ್ಕೆಷ್ಟು, ಓದುಗರಿಗೆಷ್ಟು: ಸಾರ್ವಜನಿಕ ಗ್ರಂಥಾಲಯದ ಜಾಗವನ್ನು ಅಳೆದ ಬಗೆ

ಗ್ರಂಥಾಲಯ ಕಟ್ಟಲು ಹೊರಟವರು ಮೊದಲು ಏನನ್ನು ಎಣಿಸುತ್ತಾರೋ ಕಟ್ಟಡದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಪುಸ್ತಕಗಳನ್ನು ಎಣಿಸಿದವರು ಕಪಾಟಿಗೆ ಜಾಗ ಕೊಟ್ಟರು, ಕಳ್ಳತನದ ಭಯವಿದ್ದವರು ಕಾವಲಿಗೆ ಕೊಟ್ಟರು, ಕುರ್ಚಿಗಳನ್ನು ಎಣಿಸಿದವರು ವಾಚನಾಲಯ ಕಟ್ಟಿದರು. ಒಳಗೆ ಬಂದ ಜನ ಅಲ್ಲಿ ನಿಜವಾಗಿ ಏನು ಮಾಡುತ್ತಾರೆಂದು ನೋಡಿ ಅಳೆಯುವ ಪದ್ಧತಿ ಬಂದದ್ದು ತೀರ ಈಚೆಗೆ. ಈ ಎಣಿಕೆಗಳು ಬದಲಾದ ದಾರಿಯನ್ನು ಇಲ್ಲಿ ಗುರುತಿಸಲು ಯತ್ನಿಸಿದ್ದೇನೆ. ನಮ್ಮ ನಾಡಿನ ಗ್ರಂಥಾಲಯಗಳು ಇನ್ನೂ ಹಳೆಯ ಎಣಿಕೆಗೇ ಜೋತುಬಿದ್ದಿವೆ ಎಂಬುದು ನನ್ನ ವಾದ.

1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಾರ್ವಜನಿಕ ಗ್ರಂಥಾಲಯ ಕಾಯಿದೆ ತಂದಿತು. 10,000ಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳು, ತೆರಿಗೆದಾರರು ಒಪ್ಪಿದರೆ, ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ಎತ್ತಬಹುದಾಯಿತು. ಆ ಹಣದಲ್ಲಿ ಕಟ್ಟಡ ಕಟ್ಟಬಹುದಿತ್ತು, ಸಿಬ್ಬಂದಿಗೆ ಸಂಬಳ ಕೊಡಬಹುದಿತ್ತು, ಆದರೆ ಪುಸ್ತಕ ಕೊಳ್ಳುವಂತಿರಲಿಲ್ಲ. ಪುಸ್ತಕಗಳು ದಾನವಾಗಿ ಬಂದಾವು ಎಂಬ ನಂಬಿಕೆ. 1855ರ ತಿದ್ದುಪಡಿ ಕರವನ್ನು ಒಂದು ಪೆನ್ನಿಗೆ ಏರಿಸಿ ಪುಸ್ತಕ ಖರೀದಿಗೂ ದಾರಿ ಬಿಟ್ಟಿತು. ಹೀಗೆ ಆಧುನಿಕ ಸಾರ್ವಜನಿಕ ಗ್ರಂಥಾಲಯ ಹುಟ್ಟಿನಲ್ಲಿ ಬರಿಯ ಜಾಗವಾಗಿತ್ತು, ಪುಸ್ತಕ ಆಮೇಲೆ ಬಂತು.

ಆ ಜಾಗದಲ್ಲಿ ಓದುಗರ ಸ್ಥಿತಿ ಹೇಗಿತ್ತು? ಪುಸ್ತಕಗಳೆಲ್ಲ ಕೌಂಟರಿನ ಆಚೆ. ಈಚೆಗೆ ನಿಂತ ಓದುಗ ಕ್ಯಾಟಲಾಗಿನಲ್ಲಿ ಸಂಖ್ಯೆ ಹುಡುಕಬೇಕು. ಕಾಟ್‌ಗ್ರೀವ್ ಎಂಬ ಗ್ರಂಥಪಾಲಕ ರೂಪಿಸಿದ ಸೂಚಕ ಹಲಗೆಯೊಂದು ಕೌಂಟರಿನ ಉದ್ದಕ್ಕೂ ನಿಂತಿರುತ್ತಿತ್ತು. ಅದರಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಪುಟ್ಟ ಗೂಡು, ಗೂಡಿನೊಳಗೊಂದು ಲೋಹದ ಪಟ್ಟಿ. ಪಟ್ಟಿಯ ಈ ತುದಿ ಕಂಡರೆ ಪುಸ್ತಕ ಒಳಗಿದೆ, ಬೇರೆ ಬಣ್ಣದ ಆ ತುದಿ ಕಂಡರೆ ಹೊರಗೆ ಹೋಗಿದೆ. ಓದುಗ ಬಣ್ಣ ನೋಡಿ ಸಂಖ್ಯೆ ಹೇಳಬೇಕು, ಗುಮಾಸ್ತ ತಂದುಕೊಡಬೇಕು. ಪುಸ್ತಕ ಹೆಚ್ಚಿದಷ್ಟೂ ಹಲಗೆ ಉದ್ದವಾಯಿತು, ಜನ ನಿಲ್ಲುವ ಮೊಗಸಾಲೆ ಇಕ್ಕಟ್ಟಾಯಿತು. ಪತ್ರಿಕೆ ಓದುವ ಕೋಣೆ ಮಾತ್ರ ವಿಶಾಲವಾಗಿದ್ದು, ಅಲ್ಲಿ ಎತ್ತರದ ಇಳಿಜಾರು ಹಲಗೆಗಳ ಮುಂದೆ ನಿಂತೇ ಓದಬೇಕಿತ್ತು. 1890ರ ದಶಕದಲ್ಲಿ ಕೆಲವು ಊರುಗಳ ಗ್ರಂಥಾಲಯಗಳು ಪತ್ರಿಕೆಯ ಕುದುರೆ ಜೂಜಿನ ಸುದ್ದಿಗೆ ಮಸಿ ಬಳಿದೇ ಹಲಗೆಗೆ ಏರಿಸುತ್ತಿದ್ದವು. ಜೂಜಿನವರು ಬಂದು ಜಾಗ ಹಿಡಿಯಬಾರದೆಂಬುದು ಉದ್ದೇಶ. ಯಾರು ಎಷ್ಟು ಹೊತ್ತು ಇರಬೇಕೆಂಬುದನ್ನು ಆಗಲೇ ಪೀಠೋಪಕರಣ ನಿರ್ಧರಿಸುತ್ತಿತ್ತು.

ಕೌಂಟರಿನ ಈ ಗೋಡೆ ಒಡೆದವನು ಗ್ರಂಥಪಾಲಕ ಜೇಮ್ಸ್ ಡಫ್ ಬ್ರೌನ್. 1894ರಲ್ಲಿ ಲಂಡನ್ನಿನ ಕ್ಲರ್ಕೆನ್‌ವೆಲ್ ಗ್ರಂಥಾಲಯದಲ್ಲಿ ಅವನು ಓದುಗರನ್ನು ಕಪಾಟಿನವರೆಗೆ ಬಿಟ್ಟ. ಜೊತೆಗೆ ಕಾವಲಿನ ಏರ್ಪಾಟನ್ನೂ ಮಾಡಿದ: ಒಳಬರಲು ಒಂದು ಪುಟ್ಟ ಗೇಟು, ಹೊರಹೋಗಲು ಇನ್ನೊಂದು, ನಡುವೆ ಗ್ರಂಥಪಾಲಕನ ಮೇಜು. ನಮ್ಮ ಎಷ್ಟೋ ಗ್ರಂಥಾಲಯಗಳ ಬಾಗಿಲಲ್ಲಿ ಇಂದಿಗೂ ಇದೇ ವಿನ್ಯಾಸವಿದೆ. ಜನ ಓಡಾಡುವುದಾದರೆ ಕಪಾಟುಗಳ ನಡುವಿನ ಓಣಿ ಅಗಲವಾಗಬೇಕು, ಮೇಲಿನ ಹಲಗೆ ಕೈಗೆಟುಕಬೇಕು. ಅಂದರೆ ಅಷ್ಟೇ ಪುಸ್ತಕಕ್ಕೆ ಹೆಚ್ಚು ನೆಲ ಬೇಕು. ತೆರೆದ ಕಪಾಟಿಗೆ ಬಂದ ವಿರೋಧದಲ್ಲಿ ಕಳ್ಳತನದ ಮಾತು ಜೋರಾಗಿ ಕೇಳಿಸಿತು. ನೆಲದ ಈ ಲೆಕ್ಕವೂ ಅಷ್ಟೇ ಭಾರದ್ದು ಎಂದು ನನಗನಿಸುತ್ತದೆ.

ಅಮೆರಿಕದಲ್ಲಿ ಪ್ರಶ್ನೆ ಬೇರೆ ರೀತಿಯಲ್ಲಿ ಎದ್ದಿತು. ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಲ್ಲಿ ಆ ದೇಶವೊಂದರಲ್ಲೇ 1,679 ಸಾರ್ವಜನಿಕ ಗ್ರಂಥಾಲಯ ಕಟ್ಟಡಗಳೆದ್ದವು. ಹಣದ ಬಹುಪಾಲು ಕಂಬ, ಗುಮ್ಮಟ, ಅಗ್ಗಿಷ್ಟಿಕೆಗಳಿಗೆ ಹೋಗುತ್ತಿರುವುದನ್ನು ಕಂಡ ಅವನ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್ 1911ರಲ್ಲಿ ಕಟ್ಟಡ ನಿರ್ಮಾಣದ ಬಗ್ಗೆ ಒಂದು ಚಿಕ್ಕ ಕೈಪಿಡಿ ಹೊರತಂದ. ಮುಖ್ಯ ಅಂತಸ್ತು ಒಂದೇ ದೊಡ್ಡ ಕೋಣೆಯಾಗಿರಲಿ, ಗೋಡೆಗಳ ಬದಲು ಕಪಾಟುಗಳೇ ಅದನ್ನು ವಿಂಗಡಿಸಲಿ, ಕಿಟಕಿಗಳನ್ನು ಎತ್ತರದಲ್ಲಿಟ್ಟು ಕೆಳಗೆ ಉದ್ದಕ್ಕೂ ಪುಸ್ತಕ ಜೋಡಿಸಿ ಎಂಬುದು ಅದರ ಸಲಹೆ. ಒಬ್ಬ ಗ್ರಂಥಪಾಲಕಿ ಮೇಜಿನಿಂದಲೇ ಇಡೀ ಕೋಣೆಯನ್ನು ನೋಡಿಕೊಳ್ಳುವಂತಾದರೆ ಸಣ್ಣ ಊರಿನ ಬಜೆಟ್ಟಿಗೆ ಎಟುಕುತ್ತದೆ. ತಿಂಗಳ ಸಂಬಳದ ಲೆಕ್ಕ ಇಲ್ಲಿ ನೇರವಾಗಿ ನಕ್ಷೆಗೆ ಇಳಿದಿತ್ತು.

ಮುಂದೆ ಜೋಸೆಫ್ ವೀಲರ್ ಬಂದ. ಅವನು ಗ್ರಂಥಪಾಲಕನಾಗಿದ್ದಾಗ ಬಾಲ್ಟಿಮೋರಿನ ಎನಾಕ್ ಪ್ರಾಟ್ ಗ್ರಂಥಾಲಯಕ್ಕೆ 1933ರಲ್ಲಿ ಹೊಸ ಕಟ್ಟಡವಾಯಿತು. ದೇವಸ್ಥಾನದಂಥ ಮೆಟ್ಟಿಲ ಸಾಲು ಅಲ್ಲಿಲ್ಲ. ಬೀದಿಯ ಮಟ್ಟದಲ್ಲೇ ಬಾಗಿಲು, ದೊಡ್ಡ ಅಂಗಡಿಗಳಲ್ಲಿರುವಂಥ ಪ್ರದರ್ಶನದ ಗಾಜಿನ ಕಿಟಕಿಗಳು, ಅವುಗಳ ಹಿಂದೆ ಪುಸ್ತಕ. ಗ್ರಂಥಾಲಯದ ಕಟ್ಟಡಗಳ ಪೈಕಿ ನಾನು ಬಹಳ ಮೆಚ್ಚುವ ಕಟ್ಟಡವಿದು. ಮುಪ್ಪಿನವರಿಗೂ ಕೈಗೂಸನ್ನು ಎತ್ತಿಕೊಂಡ ತಾಯಿಗೂ ಮೆಟ್ಟಿಲು ಹತ್ತುವ ಕಷ್ಟ ತಪ್ಪಿಸಿದ್ದು ಚಿಕ್ಕ ಕೆಲಸವಲ್ಲ. 1941ರಲ್ಲಿ ವೀಲರ್, ವಾಸ್ತುಶಿಲ್ಪಿ ಗಿಥೆನ್ಸ್ ಜೊತೆ ಬರೆದ ಪುಸ್ತಕದಲ್ಲಿ ಒಂದು ಸೂತ್ರ ಕೊಟ್ಟ. ಸಂಪುಟ, ಆಸನ, ವರ್ಷದ ಎರವಲು, ನೆಲದ ವಿಸ್ತೀರ್ಣ, ಡಾಲರು, ಈ ಐದೂ ಒಂದನ್ನೊಂದು ಹೇಗೆ ನಿರ್ಧರಿಸುತ್ತವೆ ಎಂಬ ಲೆಕ್ಕವದು. ಯೋಜನೆ ಹಾಕುವವರಿಗೆ ಕೈಗೆ ಸಿಗುವ ಅಳತೆಗೋಲೊಂದು ದೊರೆಯಿತು. ಎರವಲು ಪಡೆಯದೆ, ತಂದ ಪುಸ್ತಕವನ್ನೇ ಓದುತ್ತ ಕೂತು ಹೋಗುವವನಿಗೆ ಈ ಸೂತ್ರದಲ್ಲಿ ಒಂದು ಕುರ್ಚಿಯಿದೆ, ಅವನ ಕೆಲಸಕ್ಕೆ ಲೆಕ್ಕವಿಲ್ಲ.

ಭಾರತದಲ್ಲಿ ಸಾರ್ವಜನಿಕ ಗ್ರಂಥಾಲಯದ ಚಿಂತನೆ ಮೊದಲು ನೆಲೆಯೂರಿದ್ದು ಬರೋಡದಲ್ಲಿ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕನನ್ನು ಕರೆತಂದು ಸಂಸ್ಥಾನದುದ್ದಕ್ಕೂ ಗ್ರಂಥಾಲಯ ವ್ಯವಸ್ಥೆ ಕಟ್ಟಿಸಿದರು. ಮಕ್ಕಳಿಗೂ ಮಹಿಳೆಯರಿಗೂ ಪ್ರತ್ಯೇಕ ವಿಭಾಗಗಳು ಬಂದವು. ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ಸಂಚಾರಿ ಗ್ರಂಥಾಲಯವೂ ನಡೆಯಿತು. ಮಾಂಡವಿಯ ಬಳಿ 1931ರ ಕೇಂದ್ರ ಗ್ರಂಥಾಲಯದ ಕಟ್ಟಡದಲ್ಲಿ ಸ್ನೆಡ್ ಕಂಪನಿಯ ಉಕ್ಕಿನ ಕಪಾಟುಗಳಿವೆ. ಅಂತಸ್ತುಗಳ ನೆಲಕ್ಕೆ ದಪ್ಪ ಗಾಜಿನ ಹಾಸು ಹಾಕಿದ್ದರಿಂದ ಮೇಲಿನ ಬೆಳಕು ಕೆಳಗಿನ ಅಂತಸ್ತಿಗೂ ಇಳಿಯುತ್ತದೆ. ಪುಸ್ತಕವನ್ನು ಬೆಂಕಿಯಿಂದ ಕಾಯಲು, ಕಡಿಮೆ ಜಾಗದಲ್ಲಿ ಹೆಚ್ಚು ತುಂಬಲು ಇದಕ್ಕಿಂತ ಸೊಗಸಾದ ಉಪಾಯ ಆ ಕಾಲದಲ್ಲಿರಲಿಲ್ಲ.

ಅದೇ 1931ರಲ್ಲಿ ಮದ್ರಾಸಿನಲ್ಲಿ ಎಸ್. ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕ ಪ್ರಕಟಿಸಿದರು. ಪುಸ್ತಕಗಳಿರುವುದು ಬಳಕೆಗೆ ಎಂಬ ಮೊದಲ ಸೂತ್ರವನ್ನು ವಿವರಿಸುವಾಗಲೇ ಅವರು ಕಟ್ಟಡ ಊರಿನ ಯಾವ ಭಾಗದಲ್ಲಿರಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಕಪಾಟು ಎಷ್ಟೆತ್ತರ ಎಂಬಲ್ಲಿಗೆ ಬರುತ್ತಾರೆ. ಐದನೆಯ ಸೂತ್ರದ ಪ್ರಕಾರ ಗ್ರಂಥಾಲಯ ಬೆಳೆಯುವ ಜೀವಿ, ಆದ್ದರಿಂದ ಕಟ್ಟುವ ದಿನವೇ ವಿಸ್ತರಣೆಗೆ ನೆಲ ಬಿಟ್ಟಿರಬೇಕು. ಭಾರತೀಯ ಮಾನಕ ಸಂಸ್ಥೆಯ ದಾಖಲೀಕರಣ ಸಮಿತಿಗೆ ಅವರು ಬಹುಕಾಲ ಅಧ್ಯಕ್ಷರಾಗಿದ್ದರು. ಗ್ರಂಥಾಲಯ ಕಟ್ಟಡದ ವಿನ್ಯಾಸ ಕುರಿತ ಐಎಸ್ 1553 ಮಾನಕ 1960ರಲ್ಲಿ ಬಂದು 1989ರಲ್ಲಿ ಪರಿಷ್ಕೃತವಾಯಿತು. ಅದು ಹೊಸ ಕಟ್ಟಡಕ್ಕೆ ದಾರಿ ತೋರಿಸುತ್ತದೆ. ಕಟ್ಟಿ ಮುಗಿದ ಮೇಲೆ ಜಾಗ ಹೇಗೆ ಬಳಕೆಯಾಗುತ್ತಿದೆಯೆಂದು ನೋಡುವುದು ಬೇರೆಯೇ ಕೆಲಸ.

ಕರ್ನಾಟಕದಲ್ಲಿ ಆ ಕೆಲಸ ಬಾಕಿ ಉಳಿದಿದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ದಿವಾನರೊಬ್ಬರ ನೆನಪಿಗೆ ಎದ್ದದ್ದು. ರಾಜ್ಯ ಕೇಂದ್ರ ಗ್ರಂಥಾಲಯ ಅದರೊಳಗೆ ಹೊಂದಿಕೊಂಡಿದೆ. ರಾಜ್ಯದ ಗ್ರಂಥಾಲಯ ಕಾಯಿದೆ 1965ರದು. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಎತ್ತುವ ಶೇ. 6ರ ಗ್ರಂಥಾಲಯ ಕರದಿಂದ ನಗರದ ಗ್ರಂಥಾಲಯಗಳು ನಡೆಯುತ್ತವೆ. ಲೆಕ್ಕಕ್ಕೆ ಬರುವುದು ಎಷ್ಟು ಪುಸ್ತಕ, ಎಷ್ಟು ಸದಸ್ಯರು, ದಿನಕ್ಕೆ ಎಷ್ಟು ಸಹಿ.

ಒಳಗೆ ಜನ ಏನು ಮಾಡುತ್ತಾರೆಂಬುದು ಇಂಥ ಲೆಕ್ಕದಲ್ಲಿ ಕಾಣುವುದಿಲ್ಲ. ಅದನ್ನು ಕಾಣಲು ಕೆನಡಾದ ಸಂಶೋಧಕರಾದ ಲೀಸಾ ಗಿವನ್ ಮತ್ತು ಗ್ಲೋರಿಯಾ ಲೆಕಿ ಒಂದು ಸರಳ ವಿಧಾನ ಬಳಸಿದರು. ಟೊರಾಂಟೊ ಮತ್ತು ವ್ಯಾಂಕೂವರಿನ ದೊಡ್ಡ ಗ್ರಂಥಾಲಯಗಳಲ್ಲಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ನಿಗದಿತ ದಾರಿಯಲ್ಲಿ ನಡೆದು, ಯಾರು ಎಲ್ಲಿ ಕೂತಿದ್ದಾರೆ, ಏನು ಮಾಡುತ್ತಿದ್ದಾರೆ, ಏನು ತಂದಿದ್ದಾರೆ ಎಂದು ಹಾಳೆಯಲ್ಲಿ ಗುರುತು ಹಾಕಿದರು. ಯಾರನ್ನೂ ಮಾತನಾಡಿಸಲಿಲ್ಲ. 2003ರಲ್ಲಿ ಈ ಅಧ್ಯಯನ ಪ್ರಕಟವಾದ ಮೇಲೆ ಅನೇಕರು ಇದೇ ಜಾಡು ಹಿಡಿದರು. 2012ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಗ್ರಂಥಾಲಯವನ್ನು ಸ್ಫೂರ್ತಿ, ಕಲಿಕೆ, ಭೇಟಿ, ಸೃಷ್ಟಿ ಎಂಬ ನಾಲ್ಕು ತಾಣಗಳಾಗಿ ನೋಡುವ ಮಾದರಿ ಕೊಟ್ಟರು. ನಮಗೆ ಕೆನಡಾದ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಖರ್ಚಿಲ್ಲ.

ನಮ್ಮ ಯಾವುದೇ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಆ ಹಾಳೆ ಹಿಡಿದು ನಡೆದರೆ ಏನು ಕಾಣುತ್ತದೆ? ಬೆಳಿಗ್ಗೆ ಪತ್ರಿಕೆಯ ಮೇಜಿನ ಸುತ್ತ ನಿವೃತ್ತರು, ಒಂದೇ ಪತ್ರಿಕೆಯ ಪುಟಗಳನ್ನು ಹಂಚಿಕೊಂಡು ಓದುತ್ತಿರುತ್ತಾರೆ. ಒಳಗಿನ ಸಭಾಂಗಣದಲ್ಲಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಯುವಕರು ಬೀಗ ತೆಗೆಯುವ ಮೊದಲೇ ಬಂದು ಬ್ಯಾಗಿಟ್ಟು ಜಾಗ ಹಿಡಿದಿರುತ್ತಾರೆ. ಅವರ ಮುಂದಿರುವುದು ಸ್ವಂತ ನೋಟ್ಸು, ನೀರಿನ ಬಾಟಲಿ, ಚಾರ್ಜರ್. ಎರವಲಿನ ದಾಖಲೆ ಪುಸ್ತಕದಲ್ಲಿ ಅವರ ಹೆಸರು ಬರುವುದೇ ಇಲ್ಲ. ಇವರಿಗೆ ಬೇಕಾದ್ದು ಉದ್ದನೆಯ ಮೇಜು, ಪ್ಲಗ್ ಪಾಯಿಂಟು, ಶೌಚಾಲಯ, ಊಟದ ಡಬ್ಬಿ ಬಿಚ್ಚಲು ಒಂದು ಮೂಲೆ. ನಾವು ಕೊಡುತ್ತಿರುವುದು ಇನ್ನಷ್ಟು ಕಬ್ಬಿಣದ ಬೀರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆಯಿತು. ಈಗ ಅರಿವು ಕೇಂದ್ರಗಳೆಂದು ಕರೆಯಲಾಗುವ ಆ ಗ್ರಂಥಾಲಯಗಳಲ್ಲಿ ಮಕ್ಕಳು ಚಾಪೆಯ ಮೇಲೆ ಕೂತು ಓದುತ್ತಾರೆ. ಕುರ್ಚಿಗಳನ್ನಷ್ಟೇ ಎಣಿಸಿದರೆ ಈ ಮಕ್ಕಳೂ ಲೆಕ್ಕಕ್ಕೆ ಸಿಗುವುದಿಲ್ಲ.

ಕೆನಡಾದ ವಿಧಾನಕ್ಕೂ ಒಂದು ಮಿತಿಯಿದೆ. ಅದು ಒಳಗೆ ಕೂತವರನ್ನು ಮಾತ್ರ ಕಾಣುತ್ತದೆ. ಗಂಡಸರೇ ತುಂಬಿದ ಪತ್ರಿಕೆಯ ಕೋಣೆಯನ್ನು ದಾಟಬೇಕಲ್ಲ ಎಂದು ಹಿಂಜರಿದು ಹೊರಟುಹೋಗುವ ಹುಡುಗಿ, ಮೆಟ್ಟಿಲು ಕಂಡು ತಿರುಗುವ ಗಾಲಿಕುರ್ಚಿಯವರು, ಜಾಗವಿಲ್ಲವೆಂದು ಮರಳುವ ವಿದ್ಯಾರ್ಥಿ, ಇವರ ಗುರುತು ಆ ಹಾಳೆಯ ಮೇಲೆ ಬೀಳುವುದಿಲ್ಲ. ಕರ್ನಾಟಕದಲ್ಲಿ ಇಂಥ ಸಮೀಕ್ಷೆ ಮಾಡುವವರು ಹಾಳೆಯಲ್ಲಿ ಬಾಗಿಲಿಗೂ ಒಂದು ಚೌಕ ಬಿಡಬೇಕು. ವಾರದಲ್ಲಿ ಒಂದು ದಿನ, ಗೇಟಿನ ಬಳಿ ಒಬ್ಬರು ಕೂತು, ಬಂದು ಒಳಗೆ ಹೋಗದೆ ತಿರುಗಿದವರೆಷ್ಟು ಮಂದಿ ಎಂದು ಗೆರೆ ಹಾಕಿದರೂ ಸಾಕು. ಮುಂದಿನ ಕಟ್ಟಡದ ನಕ್ಷೆಗೆ ಆ ಸಂಖ್ಯೆ ಬೇಕೇ ಬೇಕು.