ಸೊನ್ನೆ ಬೇರೆ, ತಿಳಿಯದು ಬೇರೆ

ಅಂಕಪಟ್ಟಿ ಬರೆಯುವ ಅಧ್ಯಾಪಕರಿಗೆ ಒಂದು ವಿವೇಕ ರೂಢಿಯಿಂದಲೇ ಬಂದಿರುತ್ತದೆ. ಪರೀಕ್ಷೆಗೆ ಕುಳಿತು ಏನೂ ಬರೆಯಲಾರದೆ ಹೋದವನಿಗೆ ಸೊನ್ನೆ. ಬಾರದೇ ಇದ್ದವನಿಗೆ ‘ಗೈರುಹಾಜರು’. ಗಣಕಯಂತ್ರಕ್ಕೆ ಈ ವಿವೇಕವನ್ನು ಕಲಿಸಲು ವಿದ್ವಾಂಸರು ಪಟ್ಟ ಪಾಡು ಸಾಮಾನ್ಯವಾದುದಲ್ಲ.

ಸೊನ್ನೆಯನ್ನೂ ಸಂಖ್ಯೆಯೆಂದೇ ಎಣಿಸಿ, ಅದನ್ನು ಕೂಡುವ ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ಹೇಳಿದ್ದನು. ಆದರೆ ‘ತಿಳಿಯದು’ ಎಂಬುದು ಸಂಖ್ಯೆಯಲ್ಲ. 1965ರಲ್ಲಿ ಇಂಗ್ಲೆಂಡಿನ ಟೋನಿ ಹೋರ್ ಅವರು ಗಣಕಭಾಷೆಯೊಂದನ್ನು ರೂಪಿಸುವಾಗ, ಯಾವ ವಸ್ತುವನ್ನೂ ತೋರಿಸದ ‘ನಲ್’ ಎಂಬ ಸೂಚಕವನ್ನು ಅದರಲ್ಲಿ ಸೇರಿಸಿದರು. ಸೇರಿಸುವುದು ಸುಲಭವಾಗಿತ್ತೆಂಬುದೇ ಅದಕ್ಕೆ ಕಾರಣ. 2009ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಒಪ್ಪಿಕೊಂಡರು.

ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಡೇಟಾಬೇಸಿನ ತತ್ತ್ವವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ಗೊತ್ತಿಲ್ಲದ ಮಾಹಿತಿಗೂ ಅಲ್ಲಿ ಸ್ಥಾನ ಬೇಕಾಯಿತು. ಆದ್ದರಿಂದ ಹೌದು, ಅಲ್ಲ ಎಂಬ ಎರಡರೊಡನೆ ‘ತಿಳಿಯದು’ ಎಂಬ ಮೂರನೆಯ ಉತ್ತರವೂ ತರ್ಕದೊಳಕ್ಕೆ ಬಂದಿತು. ತಿಳಿಯದ ಎರಡು ವಯಸ್ಸುಗಳು ಸಮವೇ ಎಂದು ಕೇಳಿದರೆ ಡೇಟಾಬೇಸು ಕೊಡುವ ಉತ್ತರ ‘ತಿಳಿಯದು’ ಎಂದೇ.

ಆಮೇಲೆ ಜಾಲತಾಣಗಳ ಅರ್ಜಿನಮೂನೆಗಳು ಬಂದವು, ತೊಡಕು ಹೆಚ್ಚಿತು. ಅರ್ಜಿಯಲ್ಲಿ ತುಂಬಿದ ಅಂಕಿಯೂ ಅಕ್ಷರವಾಗಿಯೇ ಹೋಗುತ್ತದೆ. ಬರಿದಾಗಿ ಬಿಟ್ಟ ಸಾಲು ಬರಿದಾದ ಅಕ್ಷರವಾಗಿ ಹೋದರೆ, ಗುರುತು ಹಾಕದ ಚೌಕವು ಹೋಗುವುದೇ ಇಲ್ಲ. 1995ರಲ್ಲಿ ಹೊರಬಂದ ಪಿಎಚ್‌ಪಿ ಎಂಬ ಭಾಷೆಯಲ್ಲಿ, ‘ಇದು ಖಾಲಿಯೇ?’ ಎಂದು ಪರೀಕ್ಷಿಸುವ ಸಾಧನವು ಸೊನ್ನೆಯನ್ನೂ ಖಾಲಿಯೆಂದೇ ಹೇಳುತ್ತದೆ. ಮಕ್ಕಳೆಷ್ಟು ಎಂಬಲ್ಲಿ 0 ಎಂದು ಪ್ರಾಮಾಣಿಕವಾಗಿ ಬರೆದವನಿಗೆ, ಏನೂ ಬರೆದಿಲ್ಲವೆಂಬ ಆಕ್ಷೇಪಣೆ ಬಂದೀತು! ಸೊನ್ನೆಯೂ ಅಂಕಿಯಲ್ಲದ ಯಾವುದೋ ಪದವೂ ಒಂದೇ ಎನ್ನುತ್ತಿದ್ದ ಅದೇ ಭಾಷೆಯ ವಿಚಿತ್ರ ಹೋಲಿಕೆಯನ್ನು ತಿದ್ದಿದ್ದು 2020ರಲ್ಲಿ. ಇನ್ನು ಒರಾಕಲ್ ಡೇಟಾಬೇಸಾದರೋ ಬರಿದಾದ ಅಕ್ಷರವನ್ನೇ ನಲ್ ಎಂದು ಬಗೆಯುತ್ತದೆ.

ಎಣಿಸದ ಬೆಲೆ ಎದುರಾದಾಗ ಅನುಭವಿಗಳು ಹಿಡಿಯುವ ದಾರಿ ಒಂದೇ. ಅರ್ಜಿಯಿಂದ ಹೊರಟಾಗ, ಪ್ರೋಗ್ರಾಮಿನ ಕೈಗೆ ಬಂದಾಗ, ಕೋಷ್ಟಕವನ್ನು ಸೇರಿದಾಗ — ಈ ಮೂರು ಕಡೆಯೂ ಬೆಲೆಯನ್ನೂ ಅದರ ಜಾತಿಯನ್ನೂ ಕಣ್ಣಾರೆ ನೋಡುವುದು. ಎಲ್ಲಿ ರೂಪ ಬದಲಾಯಿತೋ ಅಲ್ಲಿಯೇ ದೋಷ.

ಇದು ಯಂತ್ರಜ್ಞರ ಚಿಂತೆ ಮಾತ್ರವೆಂದು ನಾವು ಸುಮ್ಮನಿರುವಂತಿಲ್ಲ. ಇಬ್ಬರು ವಿದ್ಯಾರ್ಥಿಗಳು 90, 60 ಅಂಕ ಪಡೆದು, ಮೂರನೆಯವನು ಗೈರುಹಾಜರಾಗಿದ್ದರೆ ಸರಾಸರಿ 75. ಅವನಿಗೆ ಸೊನ್ನೆ ಬರೆದರೆ ಅದು 50ಕ್ಕೆ ಇಳಿಯುತ್ತದೆ. ಜ್ವರದಿಂದ ಮಲಗಿದ್ದ ಹುಡುಗ ದಡ್ಡನೆನಿಸಿಕೊಳ್ಳುತ್ತಾನೆ. ತರಗತಿಗೇ ಕೆಟ್ಟ ಹೆಸರು ಬರುತ್ತದೆ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ಬರೆಯುವ ಪ್ರಾಮಾಣಿಕತೆ ಯಂತ್ರಕ್ಕೂ ಬೇಕು, ಅದಕ್ಕೆ ಪಾಠ ಹೇಳುವ ಮನುಷ್ಯನಿಗೂ ಬೇಕು.