ವಿಷ ತಟ್ಟದ ಇಲಿ

ಪೋಲಿಯೊ ಭಾನುವಾರಗಳಲ್ಲಿ ಮಕ್ಕಳ ಬಾಯಿಗೆ ಎರಡು ಹನಿ ಬೀಳುವುದನ್ನು ಕಂಡಾಗ ನನ್ನನ್ನೊಂದು ಪ್ರಶ್ನೆ ಕಾಡುತ್ತಿತ್ತು: ದಿನವೂ ಅನ್ನವನ್ನು ಸಹಿಸಿಕೊಳ್ಳುವ ಕರುಳು, ನುಂಗಿದ ಲಸಿಕೆಯನ್ನೂ ಹಾಗೇ ಸಹಿಸಿಕೊಂಡು ಸುಮ್ಮನಾದರೆ? ಉತ್ತರದ ಒಂದು ಎಳೆ ನನಗೆ ಸಿಕ್ಕಿದ್ದು ಇಲಿಯೊಂದರ ಚರಿತ್ರೆಯಲ್ಲಿ.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಸಿ3ಎಚ್/ಎಚ್‌ಇಜೆ ತಳಿಯ ಇಲಿಗಳು, ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಂಡೊಟಾಕ್ಸಿನ್ ಕೊಟ್ಟರೂ ಬದುಕುತ್ತವೆಂದು 1960ರ ದಶಕದಲ್ಲಿ ತಿಳಿಯಿತು. ಇದು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ವಿಷ. ಆದರೆ ಅದು ವರವಾಗಿರಲಿಲ್ಲ. ಸಾಲ್ಮೊನೆಲ್ಲಾ ಸೋಂಕಿಗೆ ಇವು ಸುಲಭವಾಗಿ ಬಲಿಯಾಗುತ್ತಿದ್ದವು.

1980ರ ದಶಕದ ಆರಂಭದಲ್ಲಿ ಅಲಬಾಮಾದಲ್ಲಿ ಕಿಯೊನೊ, ಮೆಕ್‌ಗೀ, ಮೈಕಲೆಕ್ ಮತ್ತು ಸಂಗಡಿಗರು ಇಲಿಗಳಿಗೆ ಕುರಿಯ ಕೆಂಪು ರಕ್ತಕಣ ತಿನ್ನಿಸಿದರು. ಪದೇ ಪದೇ ತಿಂದ ಸಾಮಾನ್ಯ ಇಲಿಗಳ ದೇಹ ಅದನ್ನು ಸಹಿಸಲು ಕಲಿಯಿತು. ಸಿ3ಎಚ್/ಎಚ್‌ಇಜೆ ಇಲಿಗಳು ಕಲಿಯಲಿಲ್ಲ. ಲೋಳೆಪೊರೆಯನ್ನು ಕಾಯುವ ಐಜಿಎ ಪ್ರತಿಕಾಯವನ್ನು ಚೆನ್ನಾಗಿ ತಯಾರಿಸಿದವು. ಕರುಳಿನ ಬ್ಯಾಕ್ಟೀರಿಯಾಗಳ ಸಂಕೇತ ದೇಹಕ್ಕೆ ಸಹನೆ ಕಲಿಸುತ್ತದೆ ಎಂಬ ಸುಳಿವು ಅಲ್ಲಿತ್ತು.

ಆ ಸಂಕೇತ ಹಿಡಿಯುವ ಟಿಎಲ್‌ಆರ್4 ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾಗಿದೆಯೆಂದು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ತೋರಿಸಿತು. 2011ರಲ್ಲಿ ಅವರು ನೊಬೆಲ್ ಹಂಚಿಕೊಂಡರು.

ಪೋಲಿಯೊ ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಕರುಳಿನಲ್ಲಿ ಬೆಳೆದು ಅದು ದೇಹವನ್ನು ಎಚ್ಚರಿಸುತ್ತದೆ. ಜೀವವಿಲ್ಲದ ಲಸಿಕೆಯನ್ನು ನುಂಗಿಸುವವರು ಇಂದಿಗೂ ಆ ಸಹನೆಯನ್ನೇ ಎದುರಿಸಬೇಕು.