ಅರ್ಧ ದಾರಿಯ ಬಾಡಿಗೆ

ಹೊರೆ ಹೊತ್ತವನು ನಡುದಾರಿಯಲ್ಲಿ ಇಳಿಸಿ ಹೊರಟುಹೋದರೆ ಕೂಲಿಯ ಲೆಕ್ಕ ಹೇಗೆ? ಹೊರೆಯ ಯಜಮಾನನೇ ಮನಸ್ಸು ಬದಲಿಸಿ 'ಇನ್ನು ಬೇಡ, ಹೋಗು' ಅಂದರೆ ಹೇಗೆ? ಈ ಎರಡಕ್ಕೂ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಉತ್ತರ ಬರೆದಿಟ್ಟಿದ್ದಾರೆ. ಬರೆದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿದ್ದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ವ್ಯಾಖ್ಯಾನವನ್ನು ವಕೀಲರು ಆಸ್ತಿ ಪಾಲಿನ ಮೊಕದ್ದಮೆ ಬಂದಾಗ ನೆನೆಯುತ್ತಾರೆ. ಹುಬ್ಬಳ್ಳಿಯ ಲಾರಿ ಆಫೀಸಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿ ತಲೆ ನರೆತ ನನಗೆ ಅದರಲ್ಲಿ ಬೆರಗು ಹುಟ್ಟಿಸಿದ್ದು ಕೂಲಿ ಮತ್ತು ಬಾಡಿಗೆಯ ಭಾಗ.

ಅಲ್ಲಿರುವ ಲೆಕ್ಕ ಹೀಗಿದೆ. ಅರಸನಿಂದಲೋ ದೈವದಿಂದಲೋ ಬಂದ ಹಾನಿಯನ್ನು ಬಿಟ್ಟರೆ, ಸರಕು ಹಾಳಾದದ್ದಕ್ಕೆ ಹೊತ್ತವನೇ ತುಂಬಿಕೊಡಬೇಕು. ಮದುವೆಯಂಥ ಕಾರ್ಯಕ್ಕೆ ಒಳ್ಳೆಯ ದಿನ ನೋಡಿ ಹೊರಟು ನಿಂತಾಗ, ಮೊದಲು ಒಪ್ಪಿಕೊಂಡಿದ್ದವನು 'ನಾನು ಬರುವುದಿಲ್ಲ' ಎಂದರೆ ಕೂಲಿಯ ಎರಡರಷ್ಟು ತೆರಬೇಕು. ಪಯಣದ ಶುರುವಿನಲ್ಲೇ, ಬದಲಿ ಆಳು ಸಿಗುವ ಅವಕಾಶ ಇರುವಾಗ ಬಿಟ್ಟರೆ ಕೂಲಿಯಲ್ಲಿ ಏಳನೆಯ ಒಂದು ಪಾಲು ದಂಡ. ದಾರಿಗೆ ಬಿದ್ದ ಮೇಲೆ ಬಿಟ್ಟರೆ ನಾಲ್ಕನೆಯ ಒಂದು ಪಾಲು. ಅರ್ಧ ದಾರಿಯಲ್ಲಿ ಬಿಟ್ಟರೆ ಇಡೀ ಕೂಲಿ. ನಡುವೆ ಕೆಲಸ ಬಿಡಿಸಿದ ಯಜಮಾನನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕೊನೆಯ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹೊರುವವನು ಬಡವ, ಹೊರಿಸುವವನು ಸಾಹುಕಾರ. ಆದರೂ ದಂಡ ಇಬ್ಬರಿಗೂ ಒಂದೇ. ಮನೆಯಿಂದ ಎಷ್ಟು ದೂರ ಬಂದಿದ್ದೀರಿ, ಇನ್ನೊಬ್ಬ ಸಿಗುವುದು ಎಷ್ಟು ಕಷ್ಟ ಎಂಬುದರ ಮೇಲೆ ದಂಡ ಏರುತ್ತದೆ. ಮುಂಗಡಕ್ಕೂ ಮಿತಾಕ್ಷರಾದಲ್ಲಿ ಇಂಥದೇ ತೂಕ ಇದೆ. ಮಾತು ಗಟ್ಟಿಯಾಗಲೆಂದು ಒಬ್ಬನು ಇನ್ನೊಬ್ಬನ ಕೈಯಲ್ಲಿ ಉಂಗುರದಂಥ ವಸ್ತುವನ್ನು ಸಂಚಕಾರವಾಗಿ ಇಟ್ಟಿರುತ್ತಾನೆ. ಕೊಟ್ಟವನು ಮಾತು ಮುರಿದರೆ ಉಂಗುರ ಹೋಯಿತು. ಇಸಿದುಕೊಂಡವನು ಮುರಿದರೆ ಅದರ ಎರಡರಷ್ಟು ಹಿಂದಿರುಗಿಸಬೇಕು. ಇಂದು ಮನೆ ಸಾಮಾನು ಸಾಗಿಸುವ ಕಂಪನಿಗಳ ರಸೀದಿಯ ಹಿಂದೆ 'ಬುಕಿಂಗ್ ಹಣ ಹಿಂದಿರುಗಿಸುವುದಿಲ್ಲ' ಎಂಬ ಸಾಲನ್ನು ಎಷ್ಟೋ ಕಡೆ ನೋಡಿದ್ದೇನೆ. ಲಾರಿ ಬಾರದೇ ಹೋದರೆ ಕಂಪನಿ ಎರಡರಷ್ಟು ಕೊಡುತ್ತದೆ ಎಂಬ ಸಾಲನ್ನು ಎಲ್ಲಿಯೂ ನೋಡಿಲ್ಲ. ಉಂಗುರದ ನಿಯಮದಲ್ಲಿ ಅರ್ಧವನ್ನು ಉಳಿಸಿಕೊಂಡು ಇನ್ನರ್ಧವನ್ನು ನಾವು ಕಳೆದುಕೊಂಡಿದ್ದೇವೆ.

ಹೀಗೆ ಇಬ್ಬರ ಮೇಲೂ ತೂಕ ಇಡುವುದು ನಮ್ಮ ಕಡೆ ಪುಸ್ತಕದಲ್ಲಷ್ಟೇ ಇದ್ದ ಸಂಗತಿಯಲ್ಲ, ಹತ್ತಿ ಸಾಗಿಸುವ ಚಕ್ಕಡಿಗಳ ಬಾಡಿಗೆಯಲ್ಲೂ ಇತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ. ರೈಲು ಇನ್ನೂ ಬಂದಿರಲಿಲ್ಲ. ಹತ್ತಿ ಹೇರಿದ ಚಕ್ಕಡಿಗಳು ಶಿರಸಿ ಹಾದು ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ವಿಚಾರ ಇತ್ತು.

ನಮ್ಮ ಮನೆತನದಲ್ಲಿ ಚಕ್ಕಡಿ ಬಾಡಿಗೆ ಹೊಡೆದವರಿದ್ದರು. ಆ ಬಾಡಿಗೆಯ ಕ್ರಮವನ್ನು ಅಜ್ಜ ಹೇಳುತ್ತಿದ್ದ. ಹೇರು ತುಂಬಿದ ದಿನ ಒಂದಿಷ್ಟು ರೊಕ್ಕ ಕೈಗೆ ಬರಬೇಕು. ಎತ್ತಿಗೆ ಹಿಂಡಿ, ಹೊಟ್ಟು, ಅಚ್ಚಿಗೆ ಎಣ್ಣೆ, ದಾರಿಯ ರೊಟ್ಟಿಗೆ ಹಿಟ್ಟು, ಘಟ್ಟದಲ್ಲಿ ಜತೆ ಎತ್ತು ಬೇಕಾದರೆ ಅದರ ಕೂಲಿ, ಎಲ್ಲವೂ ಅದರಲ್ಲೇ ಆಗಬೇಕು. ಉಳಿದದ್ದು ಹೇರು ಇಳಿಸಿ ತೂಗಿದ ಮೇಲೆ. ತೂಗುವವರೆಗೆ ಸಾಹುಕಾರನ ಹತ್ತಿ ಚಕ್ಕಡಿಯವನ ಕೈಯಲ್ಲಿ, ಚಕ್ಕಡಿಯವನ ಉಳಿದ ಬಾಡಿಗೆ ಸಾಹುಕಾರನ ಕೈಯಲ್ಲಿ. ಇಬ್ಬರ ಹತ್ತಿರವೂ ಇನ್ನೊಬ್ಬರದು ಏನೋ ಒಂದು ಇರುತ್ತಿತ್ತು. ಅದಿದ್ದೂ ಮೋಸ ನಡೆಯುತ್ತಿತ್ತು. ಹತ್ತಿಗೆ ಕಸ, ಬೀಜ, ನೀರು ಬೆರೆಸುವ ದೂರು ಎಷ್ಟಾಗಿತ್ತೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯ್ದೆ ತಂದಿತು.

ಅದಾಗಿ ಎರಡೇ ವರ್ಷಕ್ಕೆ, 1865ರಲ್ಲಿ, ಇಡೀ ಬ್ರಿಟಿಷ್ ಭಾರತಕ್ಕೆ ಕ್ಯಾರಿಯರ್ಸ್ ಆಕ್ಟ್ ಬಂತು. ನಾನು ಕೆಲಸಕ್ಕೆ ಸೇರಿದಾಗಲೂ ನಮ್ಮ ಆಫೀಸಿನ ಪ್ರತಿಯೊಂದು ಬಿಲ್ಟಿ, ಅಂದರೆ ಸಾಗಣೆ ರಸೀದಿ, ಈ ಕಾಯ್ದೆಯ ನೆರಳಿನಲ್ಲೇ ಬರೆಯಲ್ಪಡುತ್ತಿತ್ತು. ಬೇಜವಾಬ್ದಾರಿ ನಡೆಯಿತೆಂದು ಮಾಲಿನ ಯಜಮಾನ ಸಾಬೀತು ಮಾಡಬೇಕಾಗಿಲ್ಲ, ಮಾಲು ಹಾಳಾಯಿತೆಂದು ತೋರಿಸಿದರೆ ಸಾಕು ಎಂಬುದು ಅದರ ಜೀವಾಳ. ಒಂದು ವಿನಾಯಿತಿಯೂ ಇತ್ತು. ಚಿನ್ನ, ಬೆಳ್ಳಿ, ಮುತ್ತು, ಗಡಿಯಾರ, ಗಾಜು, ಪಿಂಗಾಣಿ, ರೇಷ್ಮೆ, ಶಾಲು, ದಸ್ತಾವೇಜು ಇಂಥವುಗಳ ಪಟ್ಟಿ ಮಾಡಿ, ಅವು ನೂರು ರೂಪಾಯಿಗೆ ಮೀರಿದ್ದರೆ ಮೊದಲೇ ಬೆಲೆ ಹೇಳಿರಬೇಕು, ಇಲ್ಲದಿದ್ದರೆ ಸಾಗಿಸಿದವನ ಮೇಲೆ ಹೊಣೆಯಿಲ್ಲ ಎಂದಿತ್ತು. ಬೆಲೆ ಹೇಳಿದರೆ ಅವನು ಹೆಚ್ಚಿನ ಬಾಡಿಗೆ ಕೇಳಬಹುದು. ಸಂಸಾರದ ಸಾಮಾನು ಅಂದರೆ ಮುಕ್ಕಾಲು ಪಾಲು ಆ ಪಟ್ಟಿಯೇ ಅಲ್ಲವೇ? ಮದುವೆ ಸೀರೆ, ಗೋಡೆ ಗಡಿಯಾರ, ದೇವರ ಬೆಳ್ಳಿ ಸಾಮಾನು, ಷೋಕೇಸಿನ ಗಾಜು. ಬೆಲೆ ಹೇಳಲು ಗೃಹಸ್ಥರು ಹಿಂಜರಿಯುತ್ತಿದ್ದರು, ಕೇಳಲು ಕ್ಲಾರ್ಕುಗಳಿಗೆ ಪುರುಸೊತ್ತಿರಲಿಲ್ಲ.

ರೈಲು ಬಂದು ಆರ್‌ಆರ್ ಎಂಬ ರೈಲ್ವೆ ರಸೀದಿ ರೂಢಿಯಾಯಿತು. ಅದರ ಜತೆ 'ಪೇಯ್ಡ್', 'ಟು ಪೇ' ಎಂಬ ಎರಡು ಮಾತೂ ಊರೂರಿಗೆ ಬಂದವು. ಲಾರಿಯವರು ಎರಡನ್ನೂ ಹಾಗೆಯೇ ಎತ್ತಿಕೊಂಡರು.

ಬಿಲ್ಟಿ ಬರೆಯುವ ಕೆಲಸ ಹೇಗಿರುತ್ತಿತ್ತೆಂದು ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯಲ್ಲಿ ಪುಣೆ–ಬೆಂಗಳೂರು ರಸ್ತೆಯ ಲಾರಿಗಳು ನಿಂತು ಹೋಗುತ್ತಿದ್ದುದರಿಂದ ಟ್ರಾನ್ಸ್‌ಪೋರ್ಟ್ ಆಫೀಸುಗಳು ಬೀದಿಗಟ್ಟಲೆ ಹುಟ್ಟಿದವು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾಗಿ ಹುಬ್ಬಳ್ಳಿಗೆ ಬಂದು ಬೆಳೆದ ವಿಜಯ ಸಂಕೇಶ್ವರರ ವಿಆರ್‌ಎಲ್ ಕಥೆ ಎಲ್ಲರಿಗೂ ಗೊತ್ತು. ನಾವಿದ್ದದ್ದು ಅಂಥ ದೊಡ್ಡ ಕಡೆ ಅಲ್ಲ. ಟೇಬಲ್ಲಿನ ಮೇಲೆ ಬಿಲ್ಟಿ ಪುಸ್ತಕ, ತೆಳು ಹಾಳೆಗಳ ನಡುವೆ ನೀಲಿ ಕಾರ್ಬನ್. ಒಂದು ಪ್ರತಿ ಮಾಲು ಕಳಿಸುವವರಿಗೆ, ಒಂದು ತೆಗೆದುಕೊಳ್ಳುವವರಿಗೆ, ಒಂದು ಡ್ರೈವರನ ಜತೆ, ಒಂದು ಪುಸ್ತಕದಲ್ಲೇ. ಬಲಗಡೆ ಕಾಲಮ್ಮಿನಲ್ಲಿ ಬಾಡಿಗೆ, ಹಮಾಲಿ, ಸ್ಟ್ಯಾಟಿಸ್ಟಿಕಲ್ ಚಾರ್ಜು, ಡೋರ್ ಡೆಲಿವರಿ. ಕೊನೆಯ ಪ್ರತಿಗೂ ಅಕ್ಷರ ಮೂಡಬೇಕೆಂದು ಬಾಲ್‌ಪೆನ್ನನ್ನು ಒತ್ತಿ ಒತ್ತಿ ನಮ್ಮೆಲ್ಲರ ನಡುಬೆರಳಿನ ಮೇಲೆ ಗಂಟು ಬಿದ್ದಿತ್ತು. 'ಟು ಪೇ' ಬಿಲ್ಟಿ ಆದರೆ ಮಾಲು ತಲುಪಿದ ಊರಲ್ಲಿ ಹಣ ಕಟ್ಟಿ ಬಿಡಿಸಿಕೊಳ್ಳಬೇಕು. ಲೋಡು ಪೂರಾ ಒಂದೇ ಪಾರ್ಟಿಯದಾದರೆ ಲೆಕ್ಕ ಬೇರೆ. ತುಂಬಿದ ಕೂಡಲೇ ಲಾರಿಯವನಿಗೆ ಬಾಡಿಗೆಯ ಮುಕ್ಕಾಲಿಗೂ ಮಿಕ್ಕಿ ಅಡ್ವಾನ್ಸ್, ಏಕೆಂದರೆ ಡೀಸೆಲ್ಲಿಗೆ ಉದ್ದರಿ ಸಿಗುವುದಿಲ್ಲ. ಮಾಲು ಇಳಿಸಿ, ಸಹಿ ಸಿಕ್ಕಾ ಹಾಕಿಸಿಕೊಂಡು ಬಿಲ್ಟಿ ಪ್ರತಿ ವಾಪಸ್ ತಂದ ಮೇಲೆ ಬ್ಯಾಲೆನ್ಸ್.

ವ್ಯಾಪಾರಿಗಳ ಜತೆ ಈ ವ್ಯವಹಾರ ಸಲೀಸಾಗಿ ನಡೆಯುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಈ ವಾರ ಕಳಿಸುತ್ತಾನೆ, ಮುಂದಿನ ವಾರವೂ ಕಳಿಸುತ್ತಾನೆ. ಅವನನ್ನು ಒಮ್ಮೆ ಸತಾಯಿಸಿದರೆ ವರ್ಷವಿಡೀ ಬರುವ ಲೋಡು ಕೈತಪ್ಪುತ್ತದೆ. ಮನೆ ಸಾಮಾನಿನವರು ಹಾಗಲ್ಲ. ಮೂರೋ ನಾಲ್ಕೋ ವರ್ಷಕ್ಕೊಮ್ಮೆ ಬರುತ್ತಾರೆ, ಊರು ಬಿಟ್ಟು ಹೋಗುತ್ತಾರೆ, ಮತ್ತೆ ಕಾಣುವುದಿಲ್ಲ. ಅವರನ್ನು ಕಾಯಲು ಮುಂದಿನ ಲೋಡಿನ ಆಸೆ ಎಂಬುದೇ ಇಲ್ಲ. ಮನೆ ಸಾಗಿಸುವ ದಂಧೆಯಲ್ಲಿ ಕಾಣುವ ಕೆಡುಕಿಗೆಲ್ಲ ಮೂಲ ಇದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹುಬ್ಬಳ್ಳಿಯಲ್ಲಿ ಮನೆ ಸಾಮಾನಿನ ಗಿರಾಕಿಗಳೆಂದರೆ ಹೆಚ್ಚಾಗಿ ಸರ್ಕಾರಿ ನೌಕರರು, ರೈಲ್ವೆಯವರು, ಬ್ಯಾಂಕಿನವರು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡ ಮೇಲೆ ಶಾಖೆಗಳು ದೇಶದ ಮೂಲೆಮೂಲೆಗೂ ಹಬ್ಬಿದವು. ಅವುಗಳ ಜತೆ ಕನ್ನಡದ ಸಂಸಾರಗಳೂ ಲಾರಿ ಹತ್ತಿದವು. ಸಾಮಾನು ಕಟ್ಟುವವರು ನಮ್ಮ ಹಮಾಲರೇ. ಸ್ಟೀಲ್ ಪಾತ್ರೆಗಳ ಸಂದಿಗೆ ಭತ್ತದ ಹುಲ್ಲು, ಕಪಾಟಿಗೆ ಗೋಣಿತಾಟು ಸುತ್ತಿ ದಬ್ಬಣದಿಂದ ಹೊಲಿಗೆ, ಬೀಸುವ ಕಲ್ಲು, ರುಬ್ಬುವ ಗುಂಡು ಎಲ್ಲಕ್ಕಿಂತ ಕೆಳಗೆ. ಹಿರಿಯ ಹಮಾಲನೊಬ್ಬ ಗಿರಾಕಿಗೆ ಮೊದಲೇ ಹೇಳಿಬಿಡುತ್ತಿದ್ದ: "ಅಕ್ಕಾರ, ಕಟ್ಟೂ ಕೂಲಿ ಇಲ್ಲೇ ಕೊಡ್ರಿ. ಇಳಸೂ ಕೂಲಿ ಆ ಊರಾಗಿನ ಮಂದಿಗೆ ಕೊಡ್ರಿ. ಎರಡೂ ನನಗ ಕೊಟ್ರ ಅಲ್ಲಿ ಮತ್ತ ಕೇಳತಾರ." ಯಾವ ಕರಾರುಪತ್ರಕ್ಕೂ ಕಡಿಮೆಯಿಲ್ಲದ ಮಾತು ಅದು.

ಬ್ಯಾಂಕಿನವರಿಗೆ ವರ್ಗಾವಣೆಯ ಸಾಗಣೆ ಖರ್ಚು ಬಿಲ್ಲಿನ ಮೇಲೆ ಸಿಗುತ್ತಿತ್ತು. ಇಂಥ ಬಿಲ್ಲಿಗೆ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನಿನ ಸಾಗಣೆದಾರರ ಪಟ್ಟಿಯನ್ನು ನೋಡುತ್ತಿದ್ದರು. ಆ ಪಟ್ಟಿಯಲ್ಲಿದ್ದೇವೆ ಎಂಬ ಬೋರ್ಡು ಪಟ್ಟಿಯಲ್ಲಿ ಇಲ್ಲದವರ ಬಾಗಿಲಲ್ಲೂ ತೂಗಾಡತೊಡಗಿತು. ಬಿಲ್ಟಿಯ ಬೆಲೆ ಸಾಗಣೆಯ ಬೆಲೆಗಿಂತ ಹೆಚ್ಚಾಯಿತು. ಸಾಮಾನು ಒಂದು ಟೆಂಪೋದಲ್ಲಿ, ಬಿಲ್ಲು ಇಡೀ ಲಾರಿಗೆ ಎಂದು ಕೇಳಿ ಬರುವವರು ಬಂದರು, ಬರೆದುಕೊಡುವವರೂ ಹುಟ್ಟಿದರು. ನಮ್ಮ ವೃತ್ತಿಯ ಕಾಗದದ ಮಾನ ಹೋದದ್ದು ಆಗ. ಅದರಲ್ಲಿ ಗಿರಾಕಿಗಳ ಪಾಲೂ ಇದೆ ಎಂದು ನೋವಿನಿಂದಲೇ ಹೇಳುತ್ತೇನೆ.

ಈಗಿನ ಕಥೆಗೆ ನನ್ನ ತಂಗಿಯ ಮಗಳ ಅನುಭವ ಸಾಕು. ಬೆಂಗಳೂರಿಂದ ಪುಣೆಗೆ ಮನೆ ಬದಲಾಯಿಸುವಾಗ ಫೋನಿನಲ್ಲೇ ದರ ಕುದುರಿಸಿದಳು. ಹದಿನೆಂಟು ಸಾವಿರಕ್ಕೆ ಮಾತು. ಎರಡು ಸಾವಿರ ಟೋಕನ್ ಅದೇ ಹೊತ್ತಿಗೆ ಯುಪಿಐಯಲ್ಲಿ ಹೋಯಿತು. ಲೋಡು ಆದ ಕೂಡಲೇ ಉಳಿದದ್ದೆಲ್ಲ ಕೊಡಿ ಎಂದರು, ಕೊಟ್ಟಳು. ಪುಣೆಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಲಾರಿ ನಿಂತಿತು, ಬಾಗಿಲು ತೆರೆಯಲಿಲ್ಲ. ಮೂರನೆಯ ಮಹಡಿ, ಸರ್ವಿಸ್ ಲಿಫ್ಟ್ ಕೆಟ್ಟಿದೆ, ಲಾರಿ ಕಾದದ್ದಕ್ಕೆ ಬಾಡಿಗೆ, ಇನ್ನೂ ಒಂಬತ್ತು ಸಾವಿರ ಎಂದರು. ಕೂಸು ಅವಳ ಕಂಕುಳಲ್ಲಿ, ಕೂಸಿನ ಹಾಲಿನ ಬಾಟಲಿ ಲಾರಿಯೊಳಗಿನ ಯಾವುದೋ ಡಬ್ಬದಲ್ಲಿ. ನನಗೆ ಫೋನ್ ಮಾಡಿ, "ಮಾಮಾ, ಏನ್ ಮಾಡ್ಲಿ?" ಎಂದಳು. "ಬಿಲ್ಟಿ ನಂಬರ್ ಓದವಾ" ಎಂದೆ. ಅವಳ ಕೈಯಲ್ಲಿದ್ದದ್ದು ಕೊಟೇಷನ್ ಹಾಳೆ, ಅದರ ಮೇಲೆ ಎರಡು ಸಾವಿರದ ರಸೀದಿ. ಬಿಲ್ಟಿ ಬರೆದೇ ಇರಲಿಲ್ಲ. ಉಳಿದ ಹದಿನಾರು ಸಾವಿರ ಡ್ರೈವರನ ಜತೆ ಬಂದವನ ಕೈಗೆ ನಗದಾಗಿ ಹೋಗಿತ್ತು. ಕೊನೆಗೆ ಐದು ಸಾವಿರ ಕೊಟ್ಟು ಇಳಿಸಿಕೊಂಡಳು.

ಅವಳು ಪೂರಾ ಬಾಡಿಗೆ ಕೊಟ್ಟ ಗಳಿಗೆಯಲ್ಲೇ ಅಜ್ಜನ ಕಾಲದ ಆ ಜೋಡು ಅಡಮಾನ ಮುರಿದುಬಿತ್ತು. ಸಾಮಾನೂ ಅವರ ಹತ್ತಿರ, ರೊಕ್ಕವೂ ಅವರ ಹತ್ತಿರ. ನ್ಯಾಯವಾಗಿ ಬರಬೇಕಾದ ಬಾಡಿಗೆಗೆ ಮಾಲು ತಡೆದು ಹಿಡಿಯುವ ಹಕ್ಕು ಸಾಗಿಸಿದವನಿಗೆ ಇದೆ, ಅದು ಇರಬೇಕಾದದ್ದೇ. ಒಪ್ಪಂದದಲ್ಲಿ ಇಲ್ಲದ ಹಣಕ್ಕೆ ಆ ಹಕ್ಕು ಇಲ್ಲ. ಆದರೆ ಗೇಟಿನ ಮುಂದೆ ಕತ್ತಲಾಗುತ್ತಿರುವಾಗ ಕಾನೂನು ಓದಿ ಹೇಳುವವರು ಯಾರು?

ನೂರಾ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದ 1865ರ ಕಾಯ್ದೆಯ ಜಾಗಕ್ಕೆ 2007ರ ಕ್ಯಾರಿಯೇಜ್ ಬೈ ರೋಡ್ ಆಕ್ಟ್ ಬಂತು, 2011ರಲ್ಲಿ ಜಾರಿಯಾಯಿತು. ಸಾಗಣೆದಾರ ನೋಂದಣಿ ಮಾಡಿಸಬೇಕು, ಕಳಿಸುವವರು ಸಾಮಾನಿನ ವಿವರ ಮತ್ತು ಬೆಲೆ ಬರೆದುಕೊಡಬೇಕು, ಅವನು ಸರಕಿನ ರಸೀದಿ ಕೊಡಬೇಕು. ನಷ್ಟವಾದರೆ ಮೊಕದ್ದಮೆಗೆ ಮೊದಲು, ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಹೋಗಬೇಕು. ಹೆಚ್ಚಿನ ರಿಸ್ಕ್ ದರ ಕಟ್ಟದಿದ್ದರೆ ಪರಿಹಾರಕ್ಕೆ ಮಿತಿ ಬಾಡಿಗೆಯ ಹತ್ತು ಪಟ್ಟು, ಅದೂ ಹೇಳಿದ ಬೆಲೆಯನ್ನು ಮೀರುವಂತಿಲ್ಲ. ಈ ಹತ್ತು ಪಟ್ಟನ್ನು ಎಲ್ಲರೂ ಗಮನಿಸಬೇಕು. ಹದಿನೆಂಟು ಸಾವಿರದ ಬಾಡಿಗೆ ಕಾಗದದಲ್ಲಿದ್ದರೆ ಮಿತಿ ಒಂದು ಲಕ್ಷ ಎಂಬತ್ತು ಸಾವಿರ. ನನ್ನ ತಂಗಿಯ ಮಗಳ ಹಾಗೆ ಎರಡು ಸಾವಿರಕ್ಕಷ್ಟೇ ರಸೀದಿ ಇದ್ದರೆ, ಉಳಿದದ್ದನ್ನು ಬೇರೆ ದಾರಿಯಲ್ಲಿ ಸಾಬೀತು ಮಾಡಲಾಗದಿದ್ದರೆ, ಲೆಕ್ಕ ಇಪ್ಪತ್ತು ಸಾವಿರಕ್ಕೆ ಬಂದು ನಿಲ್ಲುತ್ತದೆ. ಟ್ಯಾಕ್ಸ್ ಉಳಿಯುತ್ತದೆಂದು ನಗದು ಕೊಡುವವರು ತಮ್ಮ ಸಾಮಾನಿನ ಬೆಲೆಯನ್ನು ತಾವೇ ಇಳಿಸಿಕೊಳ್ಳುತ್ತಾರೆ.

ಹಳೆಯ ಕ್ರಮ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಓಣಿಯ ತುದಿಯ ಸ್ಟ್ಯಾಂಡಿನಲ್ಲಿ ಪುಟ್ಟ ಟಾಟಾ ಏಸ್‌ಗಳು ನಿಂತಿರುತ್ತವೆ. ಆ ಹುಡುಗರು ಮೊದಲು ಮಹಡಿ ಎಷ್ಟು, ಲಿಫ್ಟ್ ಇದೆಯೋ ಇಲ್ಲವೋ, ಗಾಡಿ ಬಾಗಿಲವರೆಗೆ ಹೋಗುತ್ತದೋ ಎಂದು ಕೇಳಿಯೇ ದರ ಹೇಳುತ್ತಾರೆ. ತುಂಬಿದ ಮೇಲೆ ಡೀಸೆಲ್ಲಿಗೆ ಒಂದಿಷ್ಟು ಇಸಿದುಕೊಳ್ಳುತ್ತಾರೆ. ಉಳಿದದ್ದು, ಕೊನೆಯ ಸಾಮಾನು ಮನೆಯೊಳಗೆ ಇಟ್ಟು, ಹಗ್ಗ ಸುತ್ತಿಕೊಂಡ ಮೇಲೆ. ಹೋದ ತಿಂಗಳು ಪಕ್ಕದ ಮನೆಯವರು ನವನಗರಕ್ಕೆ ಹೋದದ್ದು ಹೀಗೆಯೇ. ತಂಗಿಯ ಮಗಳಿಗೆ ಈಗ ಮತ್ತೆ ವರ್ಗ ಆಗಿದೆ, ಈ ಸಲ ಹೈದರಾಬಾದಿಗೆ. ಬುಕಿಂಗಿಗೆ ಹತ್ತರಲ್ಲಿ ಒಂದು ಪಾಲು, ಲೋಡಿಗೆ ಅರ್ಧ, ಇಳಿಸಿ ಎಣಿಸಿಕೊಂಡ ಮೇಲೆ ಉಳಿದದ್ದು, ಎಲ್ಲವೂ ಬಿಲ್ಟಿಯಲ್ಲೇ ಎಂದು ಬರೆಸಿಕೊಳ್ಳಲು ಹೇಳಿದ್ದೇನೆ. ಅವಳು ವಿಚಾರಿಸಿದ ಕಂಪನಿಗಳಲ್ಲಿ ಒಂದು ಇದಕ್ಕೆ ಒಪ್ಪಿದೆ. ದರ ಉಳಿದವರಿಗಿಂತ ಎರಡು ಸಾವಿರ ಹೆಚ್ಚು, ಅದನ್ನು ಕೊಡಲು ನಿಶ್ಚಯಿಸಿದ್ದಾಳೆ.